ಬಿಳಿ ಉಂಗುರ ಕಟ್ಟುವ ಜಾಗ

ನಮ್ಮ ಮನೆಯಲ್ಲಿ ಊದುಬತ್ತಿಗಳ ವಾಸ ಒಂದು ಉದ್ದನೆಯ ಗಾಜಿನ ಕೊಳವೆಯಲ್ಲಿ. ರಾಜಾಜಿನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು ನಿವೃತ್ತನಾದ ದಿನ, ಬಾಯಿ ಮುಕ್ಕಾಗಿದ್ದ ಅದನ್ನು ಶಾಲೆಯ ಪ್ರಯೋಗಶಾಲೆಯಿಂದ ನೆನಪಿಗೆಂದು ಕೇಳಿ ತಂದೆ. ಹೆಂಡತಿ ಗಿರಿಜಾ ಮರುದಿನವೇ ತಳಕ್ಕೊಂದು ಬಿರಡೆ ಹಾಕಿ ಅದನ್ನು ದೇವರ ಕೆಲಸಕ್ಕೆ ಹಚ್ಚಿದಳು.

ಆ ಕೊಳವೆಯ ಒಂದು ತುದಿಗೆ ಅಮೋನಿಯಾದಲ್ಲಿ ಅದ್ದಿದ ಹತ್ತಿ, ಇನ್ನೊಂದು ತುದಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹತ್ತಿ ಇಟ್ಟು, ಎರಡೂ ಅನಿಲಗಳು ಎಲ್ಲಿ ಸಂಧಿಸುತ್ತವೆ ಎಂದು ಕೇಳಿದರೆ, ಮಕ್ಕಳು ಸ್ಕೆಚ್ ಪೆನ್ನಿನಿಂದ ನಟ್ಟನಡುವೆ ಗೆರೆ ಎಳೆಯುತ್ತಿದ್ದರು. ಬಿಳಿ ಹೊಗೆಯ ಉಂಗುರ ಕಟ್ಟುತ್ತಿದ್ದುದು ಮಾತ್ರ ಆಮ್ಲದ ತುದಿಗೆ ಹತ್ತಿರ. ಬಿಸಿ ಒಂದೇ ಆಗಿದ್ದರೆ ಅಣುಗಳಿಗೆ ಸರಾಸರಿಯಲ್ಲಿ ಸಿಗುವ ಚಲನೆಯ ಶಕ್ತಿಯೂ ಒಂದೇ. ಅಷ್ಟೇ ಶಕ್ತಿಯಲ್ಲಿ ಹಗುರಾದ ಅಮೋನಿಯಾ ಚುರುಕಾಗಿ ಬಹುದೂರ ಬಂದಿರುತ್ತದೆ, ಭಾರದ ಆಮ್ಲ ಇನ್ನೂ ಮನೆಯ ಹತ್ತಿರವೇ ಇರುತ್ತದೆ.

ನಮ್ಮ ಸಂಸಾರದ ಲೆಕ್ಕವೂ ಇದೇ ಆಗಿತ್ತು, ಸ್ನೇಹಿತರೇ. ಗಿರಿಜಾಳ ಕಚೇರಿ ಕುರುಬರಹಳ್ಳಿಯಲ್ಲಿ. ಸಂಜೆ ಇಬ್ಬರೂ ಒಂದೇ ಹೊತ್ತಿಗೆ ಹೊರಟು, ಎದುರುಬದುರು ನಡೆದು, ಸಿಕ್ಕಿದಲ್ಲಿ ಒಂದೇ ಕಾಫಿಯನ್ನು ಬೈಟು ಮಾಡಿ ಕುಡಿಯುವುದು ಒಪ್ಪಂದ. ಸಿಗುತ್ತಿದ್ದುದು ಯಾವಾಗಲೂ ನನ್ನ ಶಾಲೆಯ ಪಕ್ಕದ ಹೋಟೆಲಿನಲ್ಲೇ. “ಯಾಕ್ರೀ ಇಷ್ಟು ಹೊತ್ತು?” ಎಂದು ಅವಳು ನಗುತ್ತಿದ್ದಳು. ಆ ನಗುವಿಗಾಗಿ ನನಗೆ ಈಗಲೂ ಹಂಬಲ.

ಹಂಬಲಕ್ಕೆ ಕಾರಣವಿದೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳು ಬಸವೇಶ್ವರನಗರದ ನಮ್ಮ ಮನೆಯ ಗೇಟು ದಾಟಿರಲಿಲ್ಲ. ಈಗ ನಡೆಯದಿದ್ದರೆ ಕಾಲು ಹಾಗೆಯೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. “ಬಿದ್ರೆ ಏನ್ ಗತಿ? ನನ್ ಕೈಲಾಗಲ್ಲ ರೀ,” ಎನ್ನುವಳು. ಗಾಳಿಯಂತೆ ಓಡಾಡಿದವಳು ಸೋಫಾ ಹಿಡಿದು ಕುಳಿತದ್ದನ್ನು ನೋಡಿ ನನಗೆ ದಿಗಿಲಾಗಿತ್ತು.

ನಿನ್ನೆ ಸಂಜೆ ಹೇಳಿದೆ: “ನಾನು ಸ್ಕೂಲ್ ಹತ್ರ ಹೋಗಿ ಅಲ್ಲಿಂದ ನಡ್ಕೊಂಡ್ ಬರ್ತೀನಿ ಕಣೇ. ನೀನು ಇಲ್ಲಿಂದ ಹೊರಡು. ಎಲ್ಲಿ ಸಿಗ್ತೀವೋ ಅಲ್ಲೇ ಬೈಟು.”

ಅವಳು ಸೋಫಾಕ್ಕೆ ಒರಗಿಸಿದ್ದ ಕೋಲಿನತ್ತ ನೋಡಿದಳು. ನಾನು ಆಟೋದಲ್ಲಿ ಹೋಗಿ ಇಳಿದೆ. ನಮ್ಮ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅಲ್ಲಿಂದ ಹಿಂದಕ್ಕೆ, ಜೀವಮಾನದಲ್ಲಿ ಎಂದೂ ಹಾಕದಷ್ಟು ಬಿರುಸಾಗಿ ಹೆಜ್ಜೆ ಹಾಕಿದೆ. ಅಣುವಿಗೆ ಈ ಭಾಗ್ಯವಿಲ್ಲ. ಎದುರಿನದು ದಣಿದಿದೆಯೆಂದು ಭಾರದ ಅಣು ಬೇಗ ಓಡಲಾರದು. ನಮ್ಮ ಬೀದಿಗೆ ತಿರುಗುವಾಗ, ಅವಳು ಹೊರಟೇ ಇಲ್ಲವೇನೋ, ಹೊರಟು ಎಲ್ಲಾದರೂ ಬಿದ್ದಳೇನೋ ಎಂಬ ಭಯ.

ಪಕ್ಕದ ಮನೆಯ ಹೊಂಗೆ ಮರದ ಕೆಳಗೆ, ಕೋಲೂರಿಕೊಂಡು ಗಿರಿಜಾ ನಿಂತಿದ್ದಳು.

“ಯಾಕ್ರೀ ಇಷ್ಟು ಹೊತ್ತು?”

ಅಲ್ಲಿ ಹೋಟೆಲ್ ಇರಲಿಲ್ಲ. ಮನೆಗೆ ಬಂದು ಒಂದೇ ಲೋಟ ಕಾಫಿ ಮಾಡಿ ಇಬ್ಬರೂ ಹಂಚಿಕೊಂಡೆವು.

ಇವತ್ತು ಬೆಳಿಗ್ಗೆ ಊದುಬತ್ತಿ ತೆಗೆಯುವಾಗ, ಕೊಳವೆಯ ಮೇಲೆ, ಬಿರಡೆಯ ತುದಿಗೆ ಅಂಟಿಕೊಂಡಂತೆ ಒಂದು ಗೆರೆ ಎಳೆದು, ಬಿರಡೆ ನಮ್ಮ ಮನೆ, ನಾವು ಸಿಕ್ಕಿದ್ದು ಇಲ್ಲಿ ಎಂದು ಅವಳಿಗೆ ತೋರಿಸಿದೆ. ಅವಳು ಅದನ್ನು ಸೆರಗಿನಿಂದ ಒರೆಸಿಬಿಟ್ಟಳು.

“ಇವತ್ತು ಇನ್ನೊಂಚೂರು ಮುಂದೆ ಬರ್ತೀನಿ. ಆಮೇಲೆ ಎಳೀರಿ.”