ಕಾಕು ಆರಿಸಿ ಚೆಲ್ಲಿದ ಅಕ್ಕಿ

ಕೇಶ್ವಾಪುರದ ನಮ್ಮ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಕಾಕುವಿನದು. ರಕ್ತಸಂಬಂಧದಲ್ಲಿ ಚಿಕ್ಕಮ್ಮನೇನಲ್ಲ, ಓಣಿಯವರೆಲ್ಲ ಕಾಕು ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಮೊಬೈಲಿಗೆ ಬಂದ ಸುದ್ದಿಯನ್ನೆಲ್ಲ ಅವರು ಬಿಸಿ ಆರುವ ಮೊದಲೇ ನನಗೆ ಮುಟ್ಟಿಸುತ್ತಾರೆ. ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ, ಎಲ್ಲ ಸಿನಿಮಾದವರ ಆಟ ಎಂದು ಒಂದು ದಿನ. ಉಪ್ಪಿನಲ್ಲಿ ಗಾಜಿನ ಪುಡಿ ಕಲಸುತ್ತಾರೆ ಎಂದು ಇನ್ನೊಂದು ದಿನ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮೇಲಾಗಿ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. "ಅಂಥಾ ಮಾತಿಗೆ ಉತ್ತರಾನ ಕೊಡಬಾರದು, ಕೊಟ್ರ ಅದಕ್ಕೊಂದು ಕಿಮ್ಮತ್ತು ಬರ್ತೈತಿ" ಎಂದು ನನ್ನ ಗಂಡ ಹೇಳುತ್ತಿದ್ದರು. ಚಂದ್ರನ ಮಟ್ಟಿಗೆ ಅದು ಸರಿಯೇ. ಕಾಕು ನಂಬಲಿ ಬಿಡಲಿ, ಚಂದ್ರನಿಗೇನೂ ಆಗಬೇಕಾಗಿಲ್ಲ.

ಅಕ್ಕಿಯ ವಿಷಯ ಹಾಗಿರಲಿಲ್ಲ.

ಕುಬಸದ ಶಾಸ್ತ್ರ ಮುಗಿಸಿ ಕಾಕು ತಮ್ಮ ಮಗಳನ್ನು ಚೊಚ್ಚಲ ಹೆರಿಗೆಗೆಂದು ಮನೆಗೆ ಕರೆತಂದಿದ್ದರು. ಹುಡುಗಿ ಬಿಳಿಚಿಕೊಂಡಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಇದೆ, ಹೀಗೇ ಇದ್ದರೆ ಹೆರಿಗೆಯ ಹೊತ್ತಿಗೆ ಕಷ್ಟವಾದೀತು ಎಂದು ಡಾಕ್ಟರು ಎಚ್ಚರಿಸಿ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಮತ್ತೆ ಪರೀಕ್ಷೆ ಮಾಡಿಸಿದಾಗಲೂ ರಕ್ತ ಏರಿರಲಿಲ್ಲ. ಕಾಕುವಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆಯೂ ಇಲ್ಲ.

ಒಂದು ರವಿವಾರ ಬೆಳಿಗ್ಗೆ ನೋಡಿದರೆ, ಕಾಕು ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ರೇಷನ್ ಅಕ್ಕಿಯಿಂದ ಕಾಳು ಆರಿಸಿ ಆರಿಸಿ ಗಟಾರಕ್ಕೆ ಚೆಲ್ಲುತ್ತಿದ್ದರು. ಕಲ್ಲಲ್ಲ, ಅಕ್ಕಿಯೇ. ಬಣ್ಣ ಮಾತ್ರ ತುಸು ಬೇರೆ.

"ಏನ್ ಆರಸಾಕತ್ತೀರಿ ಕಾಕು?"

"ಪ್ಲಾಸ್ಟಿಕ್ ಅಕ್ಕಿ ರೀ! ಬಡವರು ತಿನ್ನೂ ರೇಷನ್‌ನ್ಯಾಗ ಬೇಕಂತನ ಕಲಸ್ಯಾರ. ನೀರಾಗ ಹಾಕಿದ್ರ ತೇಲತಾವ. ನನ್ನ ಮಗಳ ರಕ್ತಾ ಯಾಕ ಏರವಲ್ದು ಅಂತ ಈಗ ತಿಳೀತ ನೋಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಆ ಕಾಳು ಏನೆಂದು ನನಗೆ ಗೊತ್ತಿತ್ತು. ನಮ್ಮ ಶಾಲೆಯ ಬಿಸಿಯೂಟಕ್ಕೂ ಅದೇ ಅಕ್ಕಿ ಬರುತ್ತದೆ, ಚೀಲದ ಮೇಲೆ ಅಚ್ಚು ಹಾಕಿರುತ್ತಾರೆ. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಜೀವಸತ್ವ ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ತಂದು ಸಾದಾ ಅಕ್ಕಿಯಲ್ಲಿ ಕಲಸುತ್ತಾರೆ, ರಕ್ತ ಕಡಿಮೆ ಇದ್ದವರಿಗೆ ಆಗಿಬರಲೆಂದೇ. ಮಗಳಿಗೆ ಬೇಕಾದದ್ದನ್ನೇ ಹುಡುಕಿ ತೆಗೆದು ಗಟಾರಕ್ಕೆ ಹಾಕುತ್ತಿದ್ದಾರಲ್ಲ ಈ ತಾಯಿ!

ಎಲ್ಲ ಬಿಡಿಸಿ ಹೇಳಿದೆ. "ನೀವೂ ಸರಕಾರದ ಪಗಾರ ತಗೊಳ್ಳಾವ್ರು, ನೀವ್ ಇನ್ನೇನ್ ಹೇಳ್ತೀರಿ ಬಿಡ್ರಿ ಟೀಚರ್" ಅಂದುಬಿಟ್ಟರು.

ಎದ್ದು ಬಂದುಬಿಡುವವಳಿದ್ದೆ. ಆದರೆ ಹುಡುಗಿ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಬಿಳಿಚಿದ ಮುಖ ನೋಡಿ ಅಲ್ಲೇ ಕೂತೆ.

"ಆತು ಕಾಕು, ನೀವು ಹೇಳೂದ ಖರೇ ಇದ್ದರೂ ಇರಬಹುದು. ಒಂದು ಹಳೇ ಹಂಚು ತರ್ರಿ, ಪರೀಕ್ಷಾ ಮಾಡೇ ಬಿಡೂಣು."

ಕಾಕು ಹಂಚು ತಂದರು, ಹೋಲಿಸಿ ನೋಡಲೆಂದು ಒಡೆದ ಪ್ಲಾಸ್ಟಿಕ್ ಬಕೆಟ್ಟಿನ ಒಂದು ಚೂರನ್ನೂ ತಂದರು. ಚೂರನ್ನೂ ಆರಿಸಿದ ಕಾಳನ್ನೂ ಹಂಚಿಗೆ ಹಾಕಿ ಹಿತ್ತಲಿನ ಒಲೆಯ ಮೇಲೆ ಕಾಯಲು ಇಟ್ಟೆವು. ಬಕೆಟ್ಟಿನ ಚೂರು ಕರಗಿ ಹಂಚಿಗೆ ಅಂಟಿಕೊಂಡು ಓಣಿಗೆಲ್ಲ ನಾತ ಹಬ್ಬಿತು. "ಏನ್ ಸುಡಾಕತ್ತೀರಿ ಇಬ್ಬರೂ?" ಎಂದು ನನ್ನ ಗಂಡ ಗೋಡೆಯಾಚೆಯಿಂದ ಕೂಗಿದರು. ಅಕ್ಕಿಕಾಳು ಮಾತ್ರ ಕರಗಲಿಲ್ಲ. ಕೆಂಪಗಾಗಿ, ಕಪ್ಪಾಗಿ, ಹೊತ್ತಿದ ರೊಟ್ಟಿಯ ವಾಸನೆ ಬಿಟ್ಟಿತು. ಕಾಕು ಹಸಿ ಕಾಳೊಂದನ್ನು ಬಾಯಿಗೆ ಹಾಕಿ ಕಚ್ಚಿ ನೋಡಿದರು. ಹಿಟ್ಟಾಯಿತು.

"ಪ್ಲಾಸ್ಟಿಕ್ ಅಲ್ಲ ಬಿಡ್ರಿ," ಅಂದರು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬಂತು. "ಆದ್ರ ಕಲಸಿದ್ದಂತೂ ಖರೇ ಅಲ್ರಿ? ನಮಗ ಒಂದ್ ಮಾತು ಹೇಳದನ ಕಲಸ್ಯಾರ?"

"ಚೀಲದ ಮ್ಯಾಲೆ ಬರದಿರ್ತಾರ ಕಾಕು."

"ಆ ಚೀಲಾ ನಮಗ ಯಾರ್ ತೋರಸ್ತಾರ? ರೇಷನ್ ಅಂಗಡ್ಯಾಂವ ತೂಗತಾನ, ನಮ್ಮ ಚೀಲಕ್ಕ ಸುರುವತಾನ, ಮುಂದಿನವರು ಬರ್ರಿ ಅಂತಾನ."

ಆ ಮಾತು ಖರೆ ಇತ್ತು.

ಅಷ್ಟರಲ್ಲಿ ಹುಡುಗಿ ಒಳಗೆ ಹೋಗಿ, ಸೀರೆಯ ಗಂಟಿನ ಸಂದಿಯಿಂದ ಏನನ್ನೋ ತಂದು ನನ್ನ ಮುಂದೆ ಇಟ್ಟಳು. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆಗಳು. ಹೆಚ್ಚುಕಡಿಮೆ ಹಾಗೆಯೇ ಇದ್ದವು.

"ಅಕ್ಕಾರ, ಇವನ್ನ ಹೆಂಗ ಪರೀಕ್ಷಾ ಮಾಡೂದ್ರಿ?"

ಕಾಕು ಅವನ್ನು ಕೈಗೆತ್ತಿಕೊಂಡು ಒಂದೊಂದಾಗಿ ಎಣಿಸಿದರು. "ಯಾಕ ನುಂಗಿಲ್ಲವಾ?" ಎಂದೆ ನಾನು.

"ಶುರುವಿಗೆ ತಗೊಂಡಿದ್ದೆರಿ," ಹುಡುಗಿ ನೆಲ ನೋಡುತ್ತ ಹೇಳಿದಳು. "ಸಂಡಾಸ ಕರ್ರಗ ಆಗಾಕ ಹತ್ತಿತು. ಒಳಗ ಏನೋ ಸುಡಾಕತ್ತೈತಿ, ಕೂಸಿಗೂ ಹತ್ತತೈತಿ ಅಂತ ಅಂಜಿ ಬಿಟ್ಟೆ. ಅವ್ವಗ ಹೇಳಿದ್ರ ಬೈತಾಳ ಅಂತ ಸುಮ್ಮನಾದೆ."

"ಹುಚ್ಚಿ, ಕಬ್ಬಿಣದ ಗುಳಿಗಿ ನುಂಗಿದ್ರ ಎಲ್ಲಾರಿಗೂ ಹಂಗ ಆಗತೈತಿ. ಹೊಟ್ಟಿನೂ ಕಟ್ಟತೈತಿ. ಅಂಜೂದೇನೂ ಇಲ್ಲವಾ," ಅಂದೆ.

"ಇದನ್ನ ಗುಳಿಗಿ ಕೊಡೂ ಮುಂದನ ಹೇಳಿದ್ರ ನುಂಗ್ತಿದ್ನೆಲ್ರಿ," ಅಂದಳು. ಕಣ್ಣು ತುಂಬಿಕೊಂಡಿದ್ದವು.

ಮರುದಿನ ಮೂವರೂ ಡಾಕ್ಟರ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರೂ ಅದೇ ಮಾತು ಹೇಳಿ ಗುಳಿಗೆ ಮತ್ತೆ ಶುರು ಮಾಡಿಸಿದರು.

ಇಂಥ ಮಾತುಗಳಿಗೆ ಬೆಲೆ ಕೊಡಬೇಕೇ ಎಂದು ಈಗ ಯಾರಾದರೂ ಕೇಳಿದರೆ ನಾನು ಗಂಡನಂತೆ ಥಟ್ಟನೆ ಇಲ್ಲ ಅನ್ನಲಾರೆ. ಕಾಕು ಕಟ್ಟಿದ ಕತೆ ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊರದಲ್ಲಿ ಬೇರೆ ಕಾಳು ಕಂಡದ್ದು ಖರೆ, ಹುಡುಗಿಗೆ ಕಪ್ಪು ಕಂಡದ್ದೂ ಖರೆ. ಕಂಡದ್ದು ಏನೆಂದು ಹೇಳುವವರು ಇಲ್ಲದಿದ್ದರೆ ಮೊಬೈಲು ಹೇಳುತ್ತದೆ. ನಕ್ಕು ಎದ್ದು ಹೋಗಿದ್ದರೆ ಆ ಗುಳಿಗೆ ಸೀರೆಯ ಗಂಟಿನಲ್ಲೇ ಉಳಿಯುತ್ತಿತ್ತು.

ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಕಾಕು ಮಾತ್ರ ಅದೆಲ್ಲ ರೇಷನ್ ಅಕ್ಕಿಯ ಮಹಿಮೆ ಎಂದು ಓಣಿ ತುಂಬ ಸಾರಿದರು. ಗುಳಿಗೆಯದು ಎಂದು ನನಗೆ ಗೊತ್ತು. ಆದರೆ ಅವರ ಸಂತೋಷ ನೋಡಿದರೆ ವಾದ ಮಾಡುವ ಮನಸ್ಸೇ ಬರಲಿಲ್ಲ, ಅವರು ಕೊಟ್ಟ ಚಹಾ ಕುಡಿದು ನಗುತ್ತ ಬಂದೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ನೋಡಲು ದವಾಖಾನೆಗೆ ಹೋದಾಗ ನರ್ಸಮ್ಮ ಕೂಸಿಗೆ ಸೂಜಿ ಹಾಕಲು ಬಂದರು. ಹುಡುಗಿ ಕೂಸಿನ ತೋಳನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ಇದು ಯಾತರ ಸಲುವಾಗಿ ರೀ ಸಿಸ್ಟರ್? ಹಾಕಿದ ಮ್ಯಾಲೆ ಏನಾಗತೈತಿ?"

ನರ್ಸಮ್ಮನಿಗೆ ಅವಸರವಿತ್ತು. ಒಂದು ಗಳಿಗೆ ಹುಡುಗಿಯ ಮುಖ ನೋಡಿದರು, ಆಮೇಲೆ ಮಂಚದ ಅಂಚಿಗೆ ಕೂತರು. "ಟಿಬಿ ಬರಬಾರದು ಅಂತ ಹಾಕೂದವಾ. ಸ್ವಲ್ಪ ದಿವಸಕ್ಕ ಇಲ್ಲೊಂದು ಗುಳ್ಳಿ ಏಳತೈತಿ, ಒಡದು ಕಲಿ ಉಳಿತೈತಿ. ಅದು ಹಂಗ ಆಗಬೇಕು. ಏನೂ ಹಚ್ಚಬ್ಯಾಡ, ಅಂಜಬ್ಯಾಡ."

ಗುಳ್ಳೆ ಎಂಬ ಮಾತು ಕೇಳಿದ್ದೇ ಕಾಕು ಬಾಯಿ ತೆರೆದರು.

"ಹೇಳಿದ್ರಲ್ಲಬೇ ಯವ್ವಾ," ಅಂದಳು ಹುಡುಗಿ, ಕೂಸಿನ ತೋಳಿನ ಮೇಲಿನ ಕೈ ತೆಗೆದಳು.