ಜೀಪಿನಿಂದ ಇಳಿದ ಮೇಲೆ

ನಾನು ಜಮೀನು ಅಳೆಯುವವನು. ಬೀದರ ಜಿಲ್ಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸರ್ವೇಯರ್ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಹೆಚ್ಚುಕಡಿಮೆ ಒಂಬತ್ತು ವರ್ಷ ನಾನು ಯಾವ ಹೊಲವನ್ನೂ ಪೂರ್ತಿ ಸುತ್ತಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಓದುವವರಿಗೆ ಇದೂ ಗೊತ್ತಿರಲಿ.

ಆಗ ನನ್ನ ತೂಕ ನೂರಾ ನಲವತ್ತಾರು ಕಿಲೋ. ಜೀಪು ಹೋದಷ್ಟು ದೂರ ನಾನು ಹೋಗುತ್ತಿದ್ದೆ, ಅದು ನಿಂತಲ್ಲಿ ನಾನೂ ನಿಲ್ಲುತ್ತಿದ್ದೆ. ನನ್ನ ಜೊತೆ ಸರಪಳಿ ಹಿಡಿಯುವ ಒಬ್ಬರಿದ್ದರು. ಬೀದರಿನ ಕೋಟೆ ಕಡೆಯವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕಚೇರಿಯಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಚಾಚಾ ಸರಪಳಿ ಎಳೆದುಕೊಂಡು ಹೊಲದ ಮೂಲೆ ಮೂಲೆಗೂ ಹೋಗಿ ಅಲ್ಲಿಂದ ಕೂಗಿ ಅಳತೆ ಹೇಳುವರು. ನಾನು ಬೇವಿನ ನೆರಳಲ್ಲಿ ಕುಳಿತು ಬರೆದುಕೊಳ್ಳುವೆ. ನನಗೆ ಕೂರಲು ರೈತರು ಮನೆಯಿಂದ ಕಬ್ಬಿಣದ ಮಂಚ ಹೊತ್ತು ತರುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ನನ್ನ ಕೆಳಗೆ ಮುರಿದ ಸುದ್ದಿ ಔರಾದ ತಾಲೂಕಿನ ಹಳ್ಳಿಗಳಿಗೆಲ್ಲ ಮುಟ್ಟಿತ್ತು.

ಅಳತೆಯ ದಿನ ಸರ್ವೇಯರನಿಗೆ ಊಟಕ್ಕೆ ಹಾಕದೆ ಕಳಿಸುವುದು ನಮ್ಮ ಕಡೆ ಇಲ್ಲ. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಮೇಲೆ ತುಪ್ಪ ಸುರಿದ ಹೋಳಿಗೆ. ನಾನು ಹತ್ತು ರೊಟ್ಟಿ ಉಣ್ಣುತ್ತೇನೆ ಎನ್ನುವುದು ಊರಿಗೆ ನನಗಿಂತ ಮೊದಲೇ ತಲುಪಿರುತ್ತಿತ್ತು. "ಸಾಹೇಬ್ರು ಉಂಬೋದು ನೋಡಿದ್ರ ನಮಗ ಹೊಟ್ಟಿ ತುಂಬ್ತದರಿ" ಎನ್ನುವರು. ಅದನ್ನು ಹೊಗಳಿಕೆ ಎಂದೇ ತಿಳಿದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ.

ಒಂದು ಬೇಸಿಗೆ ಭಾತಂಬ್ರಾದಲ್ಲಿ ಒಬ್ಬ ಮುದುಕಿಯ ತೊಗರಿ ಹೊಲ ಅಳೆಯಬೇಕಿತ್ತು. ಪಕ್ಕದ ಹೊಲದವನು ಬದು ಒತ್ತಿದ್ದಾನೆ ಎಂಬುದು ಆಕೆಯ ದೂರು. "ನೀವ ಬಂದು ನೋಡ್ರಿ ಸಾಹೇಬ್ರ. ಅವರಿವರು ಒದರಿದ್ದು ಬರಕೋಬ್ಯಾಡ್ರಿ" ಎಂದು ಹಟ ಹಿಡಿದಳು. ಜೀಪಿಗೂ ಹೊಲಕ್ಕೂ ನಡುವೆ ಒಂದು ಒಣ ಹಳ್ಳವಿತ್ತು, ಸೊಂಟದಷ್ಟು ಆಳ. ಹೇಗೋ ಇಳಿದೆ. ಆಚೆ ಹತ್ತಲು ಆಗಲಿಲ್ಲ. ಎರೆಮಣ್ಣು ಕಾಲಡಿ ಕುಸಿದು ಅಲ್ಲೇ ಕುಳಿತುಬಿಟ್ಟೆ. ಚಾಚಾ ಮತ್ತು ಇನ್ನೂ ಮೂವರು ಸೇರಿ ನನ್ನನ್ನು ಎಬ್ಬಿಸಿ, ಇಬ್ಬರು ಮೇಲಿನಿಂದ ಎಳೆದು, ಇಬ್ಬರು ಕೆಳಗಿನಿಂದ ದೂಡಿ, ಮತ್ತೆ ಜೀಪಿನ ಬದಿಯ ದಂಡೆಗೇ ತಂದು ಕೂರಿಸಿದರು. ಮುದುಕಿ ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ನಿಂತಿದ್ದು, "ಇರ್ಲಿ ಬಿಡ್ರಿ, ನೀವು ಬರಬ್ಯಾಡ್ರಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ಹೇಳ್ರಿ, ಒತ್ತಿಬಿಡ್ತೀನಿ" ಎಂದಳು.

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆಕೆ ಬೈಯಲಿಲ್ಲ, ನನ್ನಿಂದ ಏನೂ ಆಗದು ಎಂದು ಒಪ್ಪಿಕೊಂಡಳು.

ಮೈಲೂರಿನ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ, ಸಿಟ್ಟು ಬಂದರೆ ದನಿ ಏರಿಸುವವಳಲ್ಲ. "ಮೂರು ವರ್ಷದಿಂದ ನಾ ಇದೇ ಹೇಳ್ಲತ್ತೀನಿ. ಇವತ್ತು ಆ ಮುದುಕಿ ಹೇಳಿದ ಮ್ಯಾಲ ಕೇಳಸ್ತೇನ್ರಿ?" ಎಂದಳು. ಸಕ್ಕರೆ ಕಾಯಿಲೆ ಬಂದಿತ್ತು, ಬಿಪಿ ಇತ್ತು, ಎರಡೂ ಮೊಣಕಾಲು ಹೋಗಿದ್ದವು. ಪಥ್ಯ ಮಾಡಿ ಇಳಿಸಿದ ತೂಕ ಪ್ರತಿ ಸಲವೂ ಬಡ್ಡಿ ಸಮೇತ ವಾಪಸ್ ಬಂದಿತ್ತು. ಬೀದರಿನ ಡಾಕ್ಟರು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೊಟ್ಟೆಯೊಳಗಿನ ಜಠರದ ಬಹುಪಾಲನ್ನು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಒಂದು ಬಾಳೆಹಣ್ಣಿನಷ್ಟು ಗಾತ್ರದ್ದು.

ಮೊದಲ ವಾರಗಳು ಬರೀ ನೀರಾದ ಪದಾರ್ಥ. ಆಮೇಲೆ ಮೆತ್ತಗೆ ಹಿಸುಕಿದ ಬೇಳೆ. ನಂತರ ಒಂದು ಚಿಕ್ಕ ಸ್ಟೀಲ್ ಬಟ್ಟಲು, ಮಕ್ಕಳಿಗೆ ಅನ್ನ ಕಲಸಿ ತಿನ್ನಿಸುವಂಥದ್ದು. ಅದರಲ್ಲಿ ಅರ್ಧ ತಿನ್ನುವಷ್ಟರಲ್ಲಿ ಎದೆಯ ಹತ್ತಿರ ಏನೋ ಬಿಗಿದಂತಾಗಿ ಕೈ ನಿಲ್ಲುತ್ತಿತ್ತು. ಉಣ್ಣುವಾಗ ನೀರು ಕುಡಿಯುವಂತಿಲ್ಲ, ಸಿಹಿ ಮುಟ್ಟುವಂತಿಲ್ಲ. ಮೊದಲು ಮೊಟ್ಟೆ ಇಲ್ಲವೇ ಬೇಳೆ, ಆಮೇಲೆ ರೊಟ್ಟಿ. ಪ್ರತಿ ತುತ್ತನ್ನೂ ನೀರಾಗುವ ತನಕ ಅಗಿಯಬೇಕು. ನಾಲ್ಕನೇ ತಿಂಗಳಿಗೆ ತಲೆಗೂದಲು ಬಾಚಣಿಗೆಗೆ ಕಂತೆ ಕಂತೆಯಾಗಿ ಬಂತು. ಭಾಲ್ಕಿಯಲ್ಲಿ ಅಕ್ಕನ ಮನೆಗೆ ಹೋದಾಗ ಯಾರೂ ನೋಡುತ್ತಿಲ್ಲವೆಂದು ಒಂದು ಹೋಳಿಗೆ ತಿಂದೆ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ಅಕ್ಕನ ಪಡಸಾಲೆಯಲ್ಲಿ ಒದ್ದೆ ಟವೆಲ್ ಹೊದ್ದು ಮಲಗಿದೆ. ಅಕ್ಕ ಅತ್ತಳು. ನನಗೆ ಮಾತ್ರ ನಾಚಿಕೆಯಾಯಿತು.

ಇವೆಲ್ಲ ದೇಹದ ಸಂಗತಿ. ತಲೆ ಅಷ್ಟು ಬೇಗ ಬದಲಾಗಲಿಲ್ಲ. ನಲವತ್ತು ಕಿಲೋ ಇಳಿದ ಮೇಲೂ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ನುಸುಳುತ್ತಿದ್ದೆ. ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿಯೇ ಕೂರುತ್ತಿದ್ದೆ. ಅಂಗಡಿಯಲ್ಲಿ ಕೇಳುತ್ತಿದ್ದುದು ಹಳೆಯ ಅಳತೆಯ ಶರ್ಟನ್ನೇ.

ಆಸ್ಪತ್ರೆಯ ಪಥ್ಯ ಹೇಳುವ ಹುಡುಗಿ ಒಂದು ಕೆಲಸ ಕೊಟ್ಟಿದ್ದಳು. ತಿಂದದ್ದನ್ನಷ್ಟೇ ಅಲ್ಲ, ತಿನ್ನಬೇಕು ಅನ್ನಿಸಿದಾಗ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನೂ ಬರೆದಿಡಬೇಕು. ಹುಚ್ಚಾಟ ಎಂದುಕೊಂಡೇ ಶುರು ಮಾಡಿದೆ. ಎರಡು ತಿಂಗಳು ಬರೆದು ತಿರುಗಿ ಓದಿದಾಗ ಬೆರಗಾಯಿತು. ಮನೆಯಲ್ಲಿ ಸುಮ್ಮನಿದ್ದಾಗ ನನಗೆ ಅಂಥ ಹಸಿವೇ ಇಲ್ಲ. ಜಗಳದ ಹೊಲಕ್ಕೆ ಹೋಗುವ ಹಿಂದಿನ ದಿನ ಇದೆ, ಮೇಲಧಿಕಾರಿ ಕರೆದಾಗ ಇದೆ, ಇಬ್ಬರು ನನ್ನ ಮುಂದೆ ದನಿ ಏರಿಸಿದಾಗ ಇದೆ. ನಾನು ಹಸಿವು ಎಂದುಕೊಂಡದ್ದು ಅಂಜಿಕೆಯಾಗಿತ್ತು. ಎರಡೂ ಪಕ್ಷದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ರೊಟ್ಟಿ ಉಂಡರೆ ಅವರ ಸಿಟ್ಟೂ ಇಳಿಯುತ್ತಿತ್ತು, ನನ್ನ ಎದೆ ಬಡಿತವೂ ಇಳಿಯುತ್ತಿತ್ತು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಇದು ತಿಳಿಯಿತು.

ಅಷ್ಟರಲ್ಲಿ ಓಣಿಯಲ್ಲಿ ಮಾತು ಶುರುವಾಗಿತ್ತು. "ಕೊಯ್ಸ್ಕೊಂಡು ಸಣ್ಣ ಆದ್ರ ಅದೇನು ದೊಡ್ಡಸ್ತನರಿ?" ಎಂದು ನೆರೆಯವರೊಬ್ಬರು ನನ್ನ ಮುಖಕ್ಕೇ ಅಂದರು. ಮೊದಮೊದಲು ನಾನು ಆಪರೇಷನ್ ವಿಷಯ ಮುಚ್ಚಿಟ್ಟು, ಬೆಳಗಿನ ವಾಕಿಂಗ್, ಸಜ್ಜೆ ರೊಟ್ಟಿ ಎಂದೆಲ್ಲ ಸುಳ್ಳು ಹೇಳಿದ್ದೆ. ಆವತ್ತು ಮಾತ್ರ ನಿಂತು ಹೇಳಿದೆ: "ಹೌದ್ರಿ, ಕೊಯ್ಸ್ಕೊಂಡೀನಿ. ಹೊಟ್ಟಿ ಡಾಕ್ಟರ್ ಸಣ್ಣ ಮಾಡ್ಯಾರ. ಮುಂಜಾನಿ ಐದಕ್ಕೆದ್ದು ನಡಿಯೋನು ನಾನ ಇದ್ದೀನಿ." ಅವರು ನಕ್ಕು ಹೋದರು. ನಾನು ಇನ್ನೊಂದು ಸುತ್ತು ಹೆಚ್ಚಿಗೆ ನಡೆದೆ.

ಹೀಗೆ ಹದಿನಾಲ್ಕು ತಿಂಗಳಿಗೆ ಎಂಬತ್ತೊಂಬತ್ತು ಕಿಲೋಕ್ಕೆ ಬಂದಾಗ ಎಕಂಬಾದ ಅರ್ಜಿ ನನ್ನ ಪಾಲಿಗೆ ಬಂತು. ಅಣ್ಣ ತಮ್ಮಂದಿರು, ಕುರಿ ಸಾಕುವವರು, ಜೊತೆಗೆ ಹದಿಮೂರು ಎಕರೆ ಮಳೆಯಾಶ್ರಿತ ಹೊಲ. ಆರು ವರ್ಷದ ಹಿಂದೆ ಆ ಹೊಲವನ್ನು ಇಬ್ಭಾಗ ಮಾಡಿಕೊಟ್ಟವನು ನಾನೇ. ಈಗ ತಮ್ಮ ಮತ್ತೆ ಅಳೆಯಬೇಕೆಂದು ಅರ್ಜಿ ಹಾಕಿದ್ದ.

ಅಷ್ಟರಲ್ಲಿ ನಮಗೆ ಉಪಗ್ರಹದ ಲೆಕ್ಕದಲ್ಲಿ ಜಾಗ ತೋರಿಸುವ ರೋವರ್ ಯಂತ್ರ ಬಂದಿತ್ತು. ಆದರೆ ಅದರ ಕೋಲನ್ನು ಹಿಡಿದು ಮೂಲೆ ಮೂಲೆಗೂ ಮನುಷ್ಯನೇ ನಡೆಯಬೇಕು. ಚಾಚಾ ಎಂದಿನಂತೆ ಕೋಲಿಗೆ ಕೈ ಹಾಕಿದರು. ನಾನು ಇಸಿದುಕೊಂಡೆ. "ನೀವು ನೆರಳಾಗ ಕುಂದರ್ರಿ ಚಾಚಾ, ಇವತ್ತು ನಾ ಹೋಗ್ತೇನಿ."

"ಪಾಳಿ ಬದಲ್ ಆಯ್ತಲ್ಲ ಸಾಬ್!" ಎಂದು ಚಾಚಾ ನಕ್ಕರು. ಆದರೂ ಕೂರಲಿಲ್ಲ, ಜೊತೆಗೇ ಬಂದರು.

ಮೂರು ಮೂಲೆ ಸರಿಯಾಗಿ ಕೂಡಿದವು. ನಾಲ್ಕನೆಯದು ಹಳೆಯ ದಾಖಲೆಗೆ ತಾಳೆಯಾಗಲಿಲ್ಲ. ಅಲ್ಲೊಂದು ಕಲ್ಲು ನೆಟ್ಟಗೆ ನಿಂತಿತ್ತು, ಅದರ ಆಚೆ ದಟ್ಟ ಕಾರೆಮುಳ್ಳು. ಕುಡುಗೋಲು ತರಿಸಿ ಮುಳ್ಳು ಸವರಿ ಒಳಗೆ ನುಗ್ಗಿದೆ. ತೋಳು ಗೀರಿ ರಕ್ತ ಬಂತು. ಇಪ್ಪತ್ತೈದು ಹೆಜ್ಜೆ ಆಚೆ, ಅರ್ಧ ಮಣ್ಣಲ್ಲಿ ಹೂತು, ನಿಜವಾದ ಗಡಿಕಲ್ಲು ಸಿಕ್ಕಿತು. ಮೇಲೆ ಉಳಿಯ ಗುರುತು ಹಾಗೆಯೇ ಇತ್ತು. ಈಚೆಗಿದ್ದದ್ದು ಯಾರೋ ಎಂದೋ ದನ ಕಟ್ಟಲು ನೆಟ್ಟ ಕಲ್ಲು.

ನನಗೆ ಆರು ವರ್ಷದ ಹಿಂದಿನ ಆ ದಿನ ನೆನಪಾಯಿತು. ಚಾಚಾ ಆ ದನ ಕಟ್ಟುವ ಕಲ್ಲಿನ ಹತ್ತಿರ ನಿಂತೇ ಕೈ ಎತ್ತಿ "ಸಾಬ್, ಇದೇ ಏನ್ರಿ ಕಲ್ಲು?" ಎಂದು ಕೂಗಿದ್ದರು. ನಾನು ಮಂಚದ ಮೇಲಿಂದ "ಹ್ಞೂ, ಅದೇ" ಎಂದಿದ್ದೆ. ಆ ಒಂದು ಮಾತಿನಿಂದ ಅಣ್ಣನ ಬದಿಯ ಈ ಮುಳ್ಳಿನ ತುಂಡು ಲೆಕ್ಕಕ್ಕೆ ಬರದೆ, ಪಾಲಿನ ಗೆರೆ ತಮ್ಮನ ಕಡೆ ಸರಿದು, ಅವನ ಎಂಟು ಗುಂಟೆ ಅಣ್ಣನಿಗೆ ಹೋಗಿತ್ತು.

ಹೊರಗೆ ಬಂದು ಇಬ್ಬರಿಗೂ ಹೇಳಿದೆ. ಅಣ್ಣ ಕೆರಳಿದ. "ಆವಾಗೂ ನೀವ ಅಳದ್ರಿ, ಈಗೂ ನೀವ ಅಳದು ಅದು ತಪ್ಪು ಅಂತೀರಿ. ಯಾವುದು ಖರೆ ನಂಬಬೇಕ್ರಿ ನಾವು?" ಸುತ್ತ ಜನ ಕೂಡಿದರು. ತಮ್ಮನೂ ದನಿ ಏರಿಸಿದ. ಆಗ ನನ್ನ ಹೊಟ್ಟೆಯಲ್ಲಿ ಆ ಹಳೆಯ ಹಸಿವು ಎದ್ದಿತು. ಬಾಯಲ್ಲಿ ನೀರೂರಿತು, ಕೈಗೆ ತಿನ್ನಲು ಏನಾದರೂ ಬೇಕೆನ್ನಿಸಿತು. ಇದು ಅಂಜಿಕೆ ಎಂದು ನನಗೆ ಈಗ ಗೊತ್ತಿತ್ತು. ಅಂಜಿಕೊಂಡೇ ನಿಂತೆ.

"ಆವಾಗ ನಾ ಅಳದಿಲ್ಲರಿ" ಎಂದೆ. "ಈ ಮೂಲಿಗಿ ಬಂದೇ ಇಲ್ಲ. ನನ್ನ ಕೈಲಿ ನಡಿಯಾಕ ಆಗ್ತಿದ್ದಿಲ್ಲ. ಅಲ್ಲಿ ಕುಂತು ಹ್ಞೂ ಅಂದೆ. ಚಾಚಾಂದು ತಪ್ಪಿಲ್ಲ, ನಿಮ್ಮಿಬ್ಬರದೂ ಇಲ್ಲ. ನಂದೇ ತಪ್ಪು. ಇದನ್ನ ಹೀಂಗೇ ಬರದು ಕೊಡ್ತೇನಿ."

ಅಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನಿಗೆ ಹಳೆಯ ನಾನು ಚೆನ್ನಾಗಿ ನೆನಪಿದ್ದಿರಬೇಕು. "ಬರ್ರಿ, ಆ ಕಲ್ಲು ತೋರಸ್ರಿ" ಎಂದ. ಇಬ್ಬರೂ ನನ್ನ ಹಿಂದೆ ಮುಳ್ಳಿನೊಳಗೆ ಬಂದರು. ಅಣ್ಣ ಕಲ್ಲಿನ ಮಣ್ಣನ್ನು ಕೈಯಿಂದ ಒರೆಸಿ, ಗುರುತಿನ ಮೇಲೆ ಬೆರಳಾಡಿಸಿ ಹೊರಟುಹೋದ. ಒಪ್ಪಿದನೋ ಇಲ್ಲವೋ ಅಂದು ತಿಳಿಯಲಿಲ್ಲ. ಮೇಲ್ಮನವಿಯನ್ನಂತೂ ಮಾಡಲಿಲ್ಲ.

ಅವರ ತಾಯಿ ಊಟಕ್ಕೆ ಕರೆದಳು. ಅಳತೆ ಮುಗಿದಿತ್ತು, ಹೋದೆ. ಅರ್ಧ ರೊಟ್ಟಿ, ಸ್ವಲ್ಪ ಪುಂಡಿಪಲ್ಯ, ಒಂದು ಮೊಟ್ಟೆ. ಇಪ್ಪತ್ತೈದು ನಿಮಿಷ ಅಗಿದು ಉಂಡೆ. ಆಕೆಯ ಮುಖ ಸಣ್ಣದಾಯಿತು. "ಯಾಕ್ರಿ, ಬಾಯಿಗಿ ಹಿಡಸ್ಲಿಲ್ಲೇನು?"

"ಹಿಡಸ್ಯಾದವ್ವಾ. ಇಷ್ಟು ರುಚಿ ನನಗ ಮದಲ ಗೊತ್ತೇ ಆಗಿದ್ದಿಲ್ಲ" ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. ಹತ್ತು ರೊಟ್ಟಿಯ ಕಾಲದಲ್ಲಿ ಪುಂಡಿಪಲ್ಯದ ಹುಳಿಯಲ್ಲಿ ಬೆಳ್ಳುಳ್ಳಿ ಎಲ್ಲಿದೆ ಎಂದು ನಾನು ನೋಡಿದವನಲ್ಲ.

ವರದಿಯಲ್ಲಿ ಆಡಿದಂತೆಯೇ ಬರೆದೆ. ಮೇಲಧಿಕಾರಿ ಕರೆದು, ಇಷ್ಟೆಲ್ಲ ಯಾಕೆ ಬರೆದಿರಿ, ಹಳೆಯ ಕಲ್ಲು ಕಾಣಿಸಿರಲಿಲ್ಲ ಎಂದಿದ್ದರೆ ಸಾಕಿತ್ತು ಎಂದರು. ನಾನು ತಿದ್ದಲಿಲ್ಲ. ತಿದ್ದುಪಡಿ ಮಂಜೂರಾಯಿತು, ತಮ್ಮನ ಎಂಟು ಗುಂಟೆ ಅವನಿಗೆ ಮರಳಿತು. ನನಗೆ ಎಚ್ಚರಿಕೆಯ ಪತ್ರ ಬಂತು, ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರಿತು. ಆ ಪತ್ರವನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟೆ. ಆಕೆ ನಿಂತಲ್ಲೇ ಎರಡು ಸಲ ಓದಿದಳು.

"ಇದಕ್ಯಾಕ ನಗ್ಲತ್ತೀರಿ? ಪ್ರಮೋಷನ್ ಬಂದೋರಂಗ!" ಎಂದಳು. ಆಮೇಲೆ ಅದನ್ನು ನಮ್ಮ ಮದುವೆಯ ಕಾಗದ, ಮಗಳ ಅಂಕಪಟ್ಟಿ ಇಡುವ ಫೈಲಿನಲ್ಲೇ ಸೇರಿಸಿದಳು.

ಕಳೆದ ವರ್ಷ ಐದು ಕಿಲೋ ವಾಪಸ್ ಬಂತು. ಮಗಳ ಪರೀಕ್ಷೆ, ವರ್ಗಾವಣೆಯ ಗಾಳಿಸುದ್ದಿ, ಸಂಜೆಯ ಚುರುಮುರಿ. ಗಾಬರಿಯಾಗಲಿಲ್ಲ. ಮತ್ತೆ ಹಸಿವಿನ ಲೆಕ್ಕ ಬರೆಯಲು ಕುಳಿತೆ, ಮೂರು ಇಳಿಯಿತು, ಎರಡು ಇನ್ನೂ ಹಟ ಹಿಡಿದಿವೆ. ಕಚೇರಿಯಲ್ಲಿ ಈಗ ವಾಹನ ಹೋಗದ ಹೊಲಗಳ ಅರ್ಜಿ ಬಂದರೆ ಬೇರೆಯವರು ನನ್ನ ಮೇಜಿನ ಕಡೆ ನೋಡುತ್ತಾರೆ. ಚಾಚಾ ನಿವೃತ್ತರಾಗುವ ವಾರ ಅಂಥದೇ ಒಂದು ಫೈಲ್ ಬಂತು, ಮಹಾರಾಷ್ಟ್ರದ ಗಡಿಗೆ ಅಂಟಿದ ಒಂದು ಗುಡ್ಡದ ಹೊಲ. "ಯಾರು ಹೋಗ್ತೀರಿ?" ಎಂದು ಅಧಿಕಾರಿ ಕೇಳುವ ಮೊದಲೇ ನಾನು ಕೈ ಚಾಚಿ ಅದನ್ನು ತೆಗೆದುಕೊಂಡಿದ್ದೆ.