ನೀಲಕ್ಕನ ಗಿಟಾರಿನ ಹೊಕ್ಕಳು

ನನ್ನ ಅಕ್ಕ ನೀಲಕ್ಕ ಗಿಟಾರ್ ಬಾರಿಸುವಾಗ ಎಡಗಾಲಿನಿಂದ ನೆಲ ಗುದ್ದುತ್ತಿದ್ದಳು. ತಾಳ ಹಾಕುವವರ ಹಾಗೆ ಮೆಲ್ಲಗಲ್ಲ; ಹಿಮ್ಮಡಿ ಎತ್ತಿ, ವೇದಿಕೆಯ ಹಲಗೆ ಅದುರುವ ಹಾಗೆ. "ನೆಲದ ಮ್ಯಾಲ ಎಷ್ಟ ಸಿಟ್ಟ ಐತೇ ನಿಂಗ?" ಎಂದು ಅವ್ವ ಬೈದರೆ, "ನೆಲದ ಮ್ಯಾಲ ಅಲ್ಲವ್ವಾ, ಅದರ ಮ್ಯಾಲ ಕುಂತು ನನ್ನ ಆಡಿಕೊಳ್ಳೋರ ಮ್ಯಾಲ" ಎನ್ನುತ್ತಿದ್ದಳು.

ಆಡಿಕೊಳ್ಳುವವರಿಗೆ ಬರವಿರಲಿಲ್ಲ. ತೊಂಬತ್ತರ ದಶಕದ ಬೈಲಹೊಂಗಲದಲ್ಲಿ ಹೆಣ್ಣುಮಗಳೊಬ್ಬಳು ಕರೆಂಟಿನ ಗಿಟಾರ್ ಕೊರಳಿಗೆ ಹಾಕಿಕೊಂಡು ಆರ್ಕೆಸ್ಟ್ರಾದಲ್ಲಿ ನಿಲ್ಲುತ್ತಿದ್ದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದೆ. ಅವರ ಆರ್ಕೆಸ್ಟ್ರಾಕ್ಕೂ ನನ್ನದೇ ಮೈಕು. ಗಿಟಾರಿಗೆ ವಾಯರ್ ಚುಚ್ಚುವ ಜ್ಯಾಕನ್ನು ಅವಳು ಹೊಕ್ಕಳು ಎನ್ನುತ್ತಿದ್ದಳು. "ಉಳದದ್ದೆಲ್ಲಾ ಬರೇ ಮೈ, ಬಸ್ಯಾ. ಜೀವ ಹರಿಯೂದು ಇದರಾಗ."

ಒಮ್ಮೆ ಗಣೇಶನ ಹಬ್ಬದ ಮುಂದೆ ಆ ಹೊಕ್ಕಳು ಸಡಿಲಾಗಿ ಗರಗರ ಎನ್ನತೊಡಗಿತು. ಹೊಸದು ಹಾಕಿಕೊಡು ಎಂದು ನನಗೆ ಕೊಟ್ಟಳು. ಅದೇ ವಾರ ರಾಮದುರ್ಗದಿಂದ ವರನ ಕಡೆಯವರು ಬಂದು, ಹುಡುಗಿ ಬಾರಿಸುವುದು ಬಿಟ್ಟರೆ ಮುಂದಿನ ಮಾತು ಎಂದಿದ್ದರು. ಚಹಾದಂಗಡಿಯಲ್ಲಿ ಊರ ಮಂದಿ ನನ್ನನ್ನು ಕಂಡು, "ಅಕ್ಕ ಬಾರಸ್ತಾಳ, ತಮ್ಮ ಪೆಟಗಿ ಹೊರತಾನ" ಎಂದು ನಗುತ್ತಿದ್ದರು. ಮಂದಿಯ ಮುಂದೆ ಒಮ್ಮೆ ಅವಮಾನವಾದರೆ ತಾನೇ ಬಿಟ್ಟಾಳು ಎಂದುಕೊಂಡೆ. ಹೊಸ ಜ್ಯಾಕ್ ಹಾಕಿದೆ. ಆದರೆ ಬೇಕೆಂದೇ ವಾಯರನ್ನು ಕಾಯಿಸದೆ, ಮೇಲೊಂದು ಹನಿ ಬೆಸುಗೆ ಅಂಟಿಸಿ ಮುಚ್ಚಿದೆ. ಮನೆಯಲ್ಲಿ ಚೆನ್ನಾಗಿಯೇ ನುಡಿಯಿತು. ಅವಳು ಕಾಲು ಗುದ್ದಿದರೆ ಅದು ಉಳಿಯದೆಂದು ನನಗೆ ಗೊತ್ತಿತ್ತು.

ಸವದತ್ತಿಯ ಗಣೇಶನ ಹಬ್ಬದಲ್ಲಿ ಎರಡನೇ ಹಾಡಿಗೇ ಗಿಟಾರಿನ ದನಿ ಸತ್ತಿತು. ಸಿಳ್ಳೆ ಬಿದ್ದವು. "ಏ ತಂಗೀ, ಮನೀಗೆ ಹೋಗಿ ರೊಟ್ಟಿ ಬಡಿ" ಎಂದು ಯಾರೋ ಕೂಗಿದ. ನೀಲಕ್ಕ ಮೈಕ್ ಹಿಡಿದಳು.

"ಬಡೀತೇನ್ರಿ ಯಣ್ಣಾ. ಮೊದಲ ಇದನ್ನ ಬಡದು ಬರತೇನಿ. ಅಲ್ಲೀಮಟ ಹಸಕೊಂಡು ಕುಂದರ್ರಿ."

ಕೂಗಿದವನ ಸುತ್ತಲಿದ್ದವರೇ ನಕ್ಕರು. ಅವಳು ನನ್ನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು, ವೇದಿಕೆಯ ಮೇಲೇ ಕುಳಿತು ಮುಚ್ಚಳ ಬಿಚ್ಚಿದಳು. ಕಳಚಿದ ವಾಯರಿನ ತುದಿಗೆ ಬೆಸುಗೆಯ ಗುರುತೇ ಇರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಟೇಪು ಚಾಚಿದೆ, ಅವಳು ಮುಟ್ಟಲಿಲ್ಲ. ಕೂದಲಿನಿಂದ ಪಿನ್ನೊಂದನ್ನು ಕಿತ್ತು, ವಾಯರನ್ನು ಜ್ಯಾಕಿಗೆ ಅದರಿಂದಲೇ ಕಚ್ಚಿಸಿ ಎದ್ದು ನಿಂತಳು. ಆಮೇಲೆ ಅವಳು ಗುದ್ದಿದ ರೀತಿಗೆ ಹಲಗೆಯ ಮೊಳೆ ಎದ್ದವು.

ಮರಳುವಾಗ ಟೆಂಪೋದಲ್ಲಿ ಅಂದಳು: "ವಾಯರ್ ಹರದಿದ್ರ ಹರೀತು ಅಂತ ಬಿಡತಿದ್ದೆ, ಬಸ್ಯಾ. ಇದಕ್ಕ ಬೆಸಿಗಿ ಹತ್ತೇ ಇರಲಿಲ್ಲ."

ನಾನು ಮಾಡಿದ್ದನ್ನು ಅವಳು ಅವ್ವನಿಗೆ ಹೇಳಲಿಲ್ಲ. ರಾಮದುರ್ಗದವರಿಗೆ ಮಾತ್ರ ತಾನೇ ಹೇಳಿ ಕಳಿಸಿದಳು, ಬಿಡುವುದಿದ್ದರೆ ಅವರನ್ನೇ ಬಿಡುತ್ತೇನೆ ಎಂದು.

ಮುಂದೆ ಕಿತ್ತೂರಿನಲ್ಲಿ ಮನೆ ಹಿಡಿದು ಹುಡುಗಿಯರಿಗೆ ಗಿಟಾರ್ ಕಲಿಸಿದಳು. ನಾನು ಹೋದಾಗ ಚಹಾ ಕೊಡುತ್ತಿದ್ದಳು, ಗಿಟಾರ್ ಮುಟ್ಟಗೊಡುತ್ತಿರಲಿಲ್ಲ. ಬೇರೆ ಯಾರಿಂದಲೋ ಬೆಸುಗೆ ಹಾಕಿಸಿರಬೇಕು ಎಂದುಕೊಂಡಿದ್ದೆ. ಕಾಯಿಲೆ ಬಿದ್ದ ವರ್ಷ ಕರೆಸಿ, ತಾನೇ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟಳು. ಮುಚ್ಚಳ ತೆಗೆದರೆ ಒಳಗೆ ಕೂದಲಿನ ಪಿನ್ನು. ಸಡಿಲಾದಾಗಲೆಲ್ಲ ಹೊಸದು ಸಿಕ್ಕಿಸಿ, ಅಷ್ಟು ವರ್ಷ ಹಾಗೇ ಬಾರಿಸಿದ್ದಳು.

"ಯಾರಿಗಾರ ತೋರಸಬಾರದಾಗಿತ್ತೇನಕ್ಕಾ?"

"ಹಚ್ಚಬೇಕಾದಾಂವ ನೀನು. ಮತ್ಯಾರಿಗೆ ತೋರಸಲಿ? ಈಗ ಹಚ್ಚು."

ವಾಯರ್ ಕಾಯಿಸಿ, ಬೆಸುಗೆ ಕರಗಿ ಎಳೆಗಳೊಳಗೆ ಇಳಿಯುವವರೆಗೆ ಹಿಡಿದೆ. ಆರಿದ ಮೇಲೆ ಅವಳು ಅದನ್ನು ಜಗ್ಗಿದಳು. ಮತ್ತೊಮ್ಮೆ, ಇನ್ನೂ ಜೋರಾಗಿ. "ಹತ್ತೇತಿ" ಎಂದಳು. ಅದೇ ಕಡೆಯ ಭೇಟಿ.

ಮಣ್ಣು ಮಾಡಿ ಬಂದ ದಿನ ಅವಳ ಮನೆಯ ಕಟ್ಟೆಯ ಮೇಲೆ ಕುಳಿತವರು, "ಪಾಪ, ಸಂಸಾರ ಕಾಣಲಿಲ್ಲ" ಎಂದು ಲೊಚಗುಟ್ಟಿದರು. ನನಗೆ ಬಾರಿಸಲು ಬರುವುದಿಲ್ಲ. ಒಳಗೆ ಹೋಗಿ, ಹೊಕ್ಕಳಿಗೆ ವಾಯರ್ ಚುಚ್ಚಿ, ದನಿ ಪೂರ್ತಿ ಏರಿಸಿ, ಆರೂ ತಂತಿಗಳ ಮೇಲೆ ಕೈ ಎಳೆದೆ. ಎಡಗಾಲಿನಿಂದ ನೆಲ ಗುದ್ದಿದೆ. ಮತ್ತೆ ಗುದ್ದಿದೆ.

ವಾಯರ್ ಬಿಡಲಿಲ್ಲ.